ನಾಯಿಯ ತುರಿಕೆಗೆ ಧಾನ್ಯವಿಲ್ಲದ ಮನೆಯೂಟ: ಎಂಟು ವಾರಗಳ ಪರೀಕ್ಷೆ ನಡೆಸುವುದು ಹೇಗೆ?

ಮಳೆಗಾಲ ಕಳೆದು ಬಿಸಿಲು ಬಿದ್ದ ಮೇಲೂ ನಾಯಿ ಪಾದಗಳನ್ನು ನೆಕ್ಕುವುದು ಬಿಡದಿದ್ದರೆ, ಕಿವಿಯಿಂದ ಕಮಟು ವಾಸನೆ ಮತ್ತೆ ಮತ್ತೆ ಬರುತ್ತಿದ್ದರೆ, ಕಂಕುಳು ಮತ್ತು ಹೊಟ್ಟೆಯ ಅಡಿಭಾಗ ಕೆಂಪಾಗಿ ಕೂದಲು ಉದುರುತ್ತಿದ್ದರೆ, ಕೊಡಗಿನಲ್ಲಿ ನೆರೆಹೊರೆಯವರಿಂದ ಮೊದಲು ಸಿಗುವ ಸಲಹೆ 'ಅನ್ನ ನಿಲ್ಲಿಸಿ ನೋಡಿ' ಎಂಬುದು. ಈ ಸಲಹೆಯಲ್ಲಿ ಅರ್ಧದಷ್ಟು ಮಾತ್ರ ಹುರುಳಿದೆ. ನಾಯಿಗಳ ಆಹಾರ ಅಲರ್ಜಿಯ ಬಗ್ಗೆ 2016ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಅಧ್ಯಯನವು 297 ನಾಯಿಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ದನದ ಮಾಂಸ ಶೇ 34ರಷ್ಟು, ಹಾಲಿನ ಪದಾರ್ಥಗಳು ಶೇ 17ರಷ್ಟು, ಕೋಳಿ ಶೇ 15ರಷ್ಟು ಮತ್ತು ಗೋಧಿ ಶೇ 13ರಷ್ಟು ನಾಯಿಗಳಲ್ಲಿ ತೊಂದರೆ ಉಂಟುಮಾಡಿದ್ದವು. ಅಕ್ಕಿಯ ಪಾಲು ಶೇ 2ರ ಆಸುಪಾಸಿನಲ್ಲಿತ್ತು. ಅನ್ನವನ್ನಷ್ಟೇ ನಿಲ್ಲಿಸಿ ಕೋಳಿಯ ಚರ್ಮವನ್ನೂ ಬ್ರೆಡ್ಡನ್ನೂ ಮೊದಲಿನಂತೆಯೇ ಹಾಕುತ್ತಿದ್ದರೆ ನಾಯಿಯ ತುರಿಕೆ ಕಡಿಮೆಯಾಗುವ ಸಂಭವ ಬಹಳ ಕಡಿಮೆ.

ಹಾಗಾದರೆ ಧಾನ್ಯವನ್ನು ಬಿಡಿಸುವುದೇಕೆ? ಪದೇ ಪದೇ ತಿಂದ ಆಹಾರಕ್ಕೇ ಅಲರ್ಜಿ ಬೆಳೆಯುತ್ತದೆ. ನಮ್ಮ ಕಡೆಯ ನಾಯಿ ಮರಿಯಾಗಿದ್ದಾಗಿನಿಂದ ಅನ್ನ, ಗಂಜಿ, ಉಳಿದ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಅಕ್ಕಿ ರೊಟ್ಟಿ ತಿಂದೇ ಬೆಳೆದಿರುತ್ತದೆ; ಸಂಜೆಯ ಚಹಾದ ಹೊತ್ತಿಗೆ ಬಿಸ್ಕತ್ತಿನ ರೂಪದಲ್ಲಿ ಗೋಧಿಯೂ ಅದರ ಹೊಟ್ಟೆ ಸೇರುತ್ತದೆ. ಯಾವುದರಿಂದ ತೊಂದರೆ ಎಂದು ತಿಳಿಯಬೇಕಾದರೆ ಇದುವರೆಗೆ ತಿಂದದ್ದನ್ನೆಲ್ಲ ಒಮ್ಮೆಗೇ ನಿಲ್ಲಿಸಿ, ಎಂದೂ ತಿನ್ನದ ಒಂದು ಮಾಂಸ ಮತ್ತು ಎಂದೂ ತಿನ್ನದ ಒಂದು ಗೆಡ್ಡೆಯನ್ನು ಮಾತ್ರ ಎಂಟು ವಾರ ಕೊಟ್ಟು, ಆಮೇಲೆ ಹಳೆಯದನ್ನು ಒಂದೊಂದಾಗಿ ಮರಳಿಸಬೇಕು. ಆಹಾರ ಅಲರ್ಜಿ ಇರುವ ನಾಯಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವು ಎಂಟು ವಾರಗಳೊಳಗೆ ಸುಧಾರಿಸುತ್ತವೆ. ಇದಕ್ಕೆ ಬದಲಾಗಿ ರಕ್ತ ಅಥವಾ ಜೊಲ್ಲಿನ ಪರೀಕ್ಷೆ ಮಾಡಿಸಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಆಹಾರದ ಅಲರ್ಜಿಯ ಮಟ್ಟಿಗೆ ಆ ಪರೀಕ್ಷೆಗಳು ನಂಬಿಕೆಗೆ ಅರ್ಹವಲ್ಲ. ಆ ಹಣವನ್ನು ಒಳ್ಳೆಯ ಮಾಂಸಕ್ಕೆ ಖರ್ಚು ಮಾಡುವುದೇ ಮೇಲು.

ಮೊದಲು ಉಣ್ಣಿ, ಚಿಗಟ, ಸೋಂಕು

ತುರಿಕೆಗೆಲ್ಲ ಊಟವೇ ಕಾರಣವಲ್ಲ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಚಿಗಟ ಕಚ್ಚಿದರೂ ಸಾಕು, ಬಾಲದ ಬುಡವನ್ನು ಹುಣ್ಣಾಗುವವರೆಗೆ ಕಚ್ಚಿಕೊಳ್ಳುತ್ತದೆ. ಕಾಫಿ ತೋಟದಲ್ಲಿ ಅಡ್ಡಾಡುವ ನಾಯಿಗೆ ಉಣ್ಣಿಯ ಕಾಟ ತಪ್ಪಿದ್ದಲ್ಲ. ತಿಂಗಳುಗಟ್ಟಲೆ ಮೈ ಒಣಗದ ಮಳೆಗಾಲದಲ್ಲಿ ಕಿವಿ ಮತ್ತು ಬೆರಳ ಸಂದುಗಳಲ್ಲಿ ಯೀಸ್ಟ್ ಶಿಲೀಂಧ್ರ ಬೆಳೆಯುವುದೂ ಸಾಮಾನ್ಯ. ಮನೆಯ ದೂಳಿನ ನುಸಿ, ಪರಾಗ, ಬೂಷ್ಟುಗಳಿಗೆ ಆಗುವ ಅಲರ್ಜಿಯ ಲಕ್ಷಣಗಳೂ ಆಹಾರದ ಅಲರ್ಜಿಯ ಲಕ್ಷಣಗಳನ್ನೇ ಹೋಲುತ್ತವೆ. ಒಂದು ಕುರುಹು ಮಾತ್ರ ನೆನಪಿರಲಿ: ವರ್ಷದ ಕೆಲವು ತಿಂಗಳು ಮಾತ್ರ ಕಾಣಿಸಿಕೊಳ್ಳುವ ತುರಿಕೆಗೆ ಊಟ ಕಾರಣವಾಗಿರುವ ಸಾಧ್ಯತೆ ಕಡಿಮೆ, ವರ್ಷವಿಡೀ ಇದ್ದು, ಜೊತೆಗೆ ಪದೇ ಪದೇ ಭೇದಿ ಅಥವಾ ವಾಂತಿಯೂ ಇದ್ದರೆ ಊಟದ ಮೇಲೆ ಅನುಮಾನ ಪಡಬಹುದು.

ಆದ್ದರಿಂದ ಒಲೆ ಹಚ್ಚುವ ಮೊದಲು ಪಶುವೈದ್ಯರಿಗೆ ತೋರಿಸಿ, ಚರ್ಮದಲ್ಲಿ ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಸೋಂಕಿದ್ದರೆ ಅದನ್ನು ಗುಣಪಡಿಸಿಕೊಳ್ಳಬೇಕು. ಸೋಂಕು ಉಳಿದಿದ್ದರೆ ಊಟ ಸರಿಯಾಗಿದ್ದರೂ ತುರಿಕೆ ನಿಲ್ಲದು, ಪರೀಕ್ಷೆ ವ್ಯರ್ಥವಾಗುತ್ತದೆ. ತುರಿಕೆ ತೀರಾ ಹೆಚ್ಚಿದ್ದರೆ ವೈದ್ಯರು ಮೊದಲ ಕೆಲವು ವಾರ ಔಷಧ ಕೊಡಬಹುದು, ಅದರಿಂದ ತೊಂದರೆಯಿಲ್ಲ. ಆದರೆ ಹೊಸ ಊಟ ನಡೆಯುತ್ತಿರುವಾಗಲೇ ಆ ಔಷಧವನ್ನು ವೈದ್ಯರ ಸೂಚನೆಯಂತೆ ನಿಲ್ಲಿಸಿ ನೋಡದಿದ್ದರೆ, ತುರಿಕೆ ಇಳಿದದ್ದು ಊಟದಿಂದಲೋ ಔಷಧದಿಂದಲೋ ತಿಳಿಯುವುದಿಲ್ಲ. ಉಣ್ಣಿಗೆ ಕೊಡುವ ರುಚಿಯ ಅಗಿಯುವ ಮಾತ್ರೆಗಳಲ್ಲಿ ಮಾಂಸದ ಅಥವಾ ಸೋಯಾದ ಅಂಶವಿರುವುದುಂಟು. ಈ ಎಂಟು ವಾರ ಬೆನ್ನಿನ ಮೇಲೆ ಹನಿಸುವ ಔಷಧವನ್ನೇ ಕೇಳಿ ಪಡೆಯಿರಿ.

ಮರಿಗಳು, ಗಬ್ಬದ ಮತ್ತು ಹಾಲೂಡುವ ನಾಯಿಗಳು, ಮೂತ್ರಪಿಂಡ ಅಥವಾ ಮೇದೋಜೀರಕದ ತೊಂದರೆ ಇರುವ ನಾಯಿಗಳು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗೆ ಮನೆಯೂಟವನ್ನು ವೈದ್ಯರೇ ಲೆಕ್ಕ ಹಾಕಿ ಕೊಡಬೇಕು.

ಯಾವಾಗ ಆರಂಭಿಸಬೇಕು?

ಇದನ್ನು ಯಾರೂ ಯೋಚಿಸುವುದಿಲ್ಲ, ಆದರೆ ನನ್ನ ಅನುಭವದಲ್ಲಿ ಪರೀಕ್ಷೆ ಸೋಲುವುದು ಇಲ್ಲೇ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ದಿನಗಟ್ಟಲೆ ಕರೆಂಟ್ ಹೋಗುವುದರಿಂದ ಬೇಯಿಸಿಟ್ಟ ಮಾಂಸ ಫ್ರಿಜ್ಜಿನಲ್ಲಿ ಉಳಿಯುವ ಭರವಸೆಯಿಲ್ಲ. ಸೆಪ್ಟೆಂಬರ್ ಆರಂಭಕ್ಕೆ ಕೈಲ್‌ಪೊಳ್ದ್ ಹಬ್ಬ ಬರುತ್ತದೆ, ಅಕ್ಟೋಬರ್ ಮಧ್ಯಕ್ಕೆ ಕಾವೇರಿ ಸಂಕ್ರಮಣ, ವರ್ಷಾಂತ್ಯದ ಹೊತ್ತಿಗೆ ಸುಗ್ಗಿಯ ಹಬ್ಬ ಪುತ್ತರಿ. ನೆಂಟರು ಬಂದ ಮನೆಯಲ್ಲಿ ನಾಯಿಯ ಬಾಯಿ ಕಾಯುವುದು ಸುಲಭವಲ್ಲ. ಪುತ್ತರಿಯ ನಂತರ ಕಾಫಿ ಕೊಯ್ಲು ಭರದಿಂದ ನಡೆಯುತ್ತದೆ, ತೋಟದ ತುಂಬ ಬುತ್ತಿ ಬಿಚ್ಚುವವರಿರುತ್ತಾರೆ. ರೊಬಸ್ಟಾ ಕೊಯ್ಲು ಮುಗಿದ ಮೇಲೆ, ಮಾರ್ಚ್ ನಡುವಿನಿಂದ ಮೇ ನಡುವಿನವರೆಗಿನ ಎಂಟು ವಾರಗಳನ್ನು ಆರಿಸಿಕೊಳ್ಳುವುದು ನನಗೆ ಸರಿ ಎನ್ನಿಸಿದೆ.

ಮಾಂಸ ಮತ್ತು ಗೆಡ್ಡೆಯ ಆಯ್ಕೆ

ಒಂದು ಹಾಳೆಯಲ್ಲಿ ನಾಯಿ ಇದುವರೆಗೆ ತಿಂದ ಎಲ್ಲವನ್ನೂ ಬರೆಯಿರಿ. ಬೇರೆ ಊರುಗಳ ಪುಸ್ತಕಗಳಲ್ಲಿ ಹಂದಿಮಾಂಸವನ್ನು ನಾಯಿಗೆ 'ಹೊಸ' ಮಾಂಸವೆಂದು ಸೂಚಿಸಿರುತ್ತಾರೆ. ಕೊಡಗಿನ ಬಹಳಷ್ಟು ಮನೆಗಳಲ್ಲಿ ನಾಯಿ ಪ್ರತಿ ಹಬ್ಬಕ್ಕೂ, ಪ್ರತಿ ಮದುವೆಗೂ ಹಂದಿಮಾಂಸ ತಿಂದಿರುತ್ತದೆ. ಅಂಥ ನಾಯಿಗೆ ಅದು ಹೊಸದಾಗುವುದಿಲ್ಲ. ಅಲ್ಲಿ ಕರಾವಳಿಯಿಂದ ಬರುವ ಮತ್ತಿ ಮೀನನ್ನು ಆರಿಸಬಹುದು. ವಾರಕ್ಕೆರಡು ಸಲ ಮೀನಿನ ತಲೆ ತಿನ್ನುವ ನಾಯಿಗಾದರೆ, ಮನೆಯಲ್ಲಿ ಹಂದಿ ಬಳಸದವರ ಮಟ್ಟಿಗೆ, ಹಂದಿಮಾಂಸವೇ ಸರಿ. ಎರಡೂ ತಿಂದಿದ್ದರೆ ಸಾಕಿದ ಮೊಲದ ಮಾಂಸವಿದೆ. ಬಾತುಕೋಳಿ, ಗೌಜಲು ಎಂದು ಯೋಚಿಸುವವರು ಅವೂ ಕೋಳಿಯ ಬಳಗವೇ ಎಂಬುದನ್ನು ಗಮನಿಸಬೇಕು. ಕೋಳಿ ಆಗದ ನಾಯಿಗೆ ಅವೂ ಆಗದಿರಬಹುದು. ದನ, ಕುರಿ, ಆಡುಗಳ ನಡುವೆಯೂ ಹೀಗೆಯೇ. ಕಾಡುಪ್ರಾಣಿಯ ಮಾಂಸವನ್ನು 'ಹೊಸ ಮಾಂಸ' ಎಂದು ತರುವ ಯೋಚನೆಯೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಅನ್ನದ ಜಾಗಕ್ಕೆ ಸಿಹಿಗೆಣಸು ಚೆನ್ನಾಗಿ ಹೊಂದುತ್ತದೆ. ಮರಗೆಣಸನ್ನು ಸಿಪ್ಪೆ ತೆಗೆದು ಪೂರ್ತಿ ಬೇಯಿಸಿ, ನೀರು ಚೆಲ್ಲಿ ಕೊಡಬಹುದಾದರೂ, ಅರೆಬೆಂದರೆ ಅದರಲ್ಲಿ ಸಯನೈಡ್ ಅಂಶ ಉಳಿಯುವುದರಿಂದ ನಾನು ಅದನ್ನು ಬಳಸುವುದಿಲ್ಲ. ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ ಬೇಡ, ಬಾಯಿ ಗಂಟಲು ತುರಿಸುತ್ತವೆ. ಕಳಲೆಯೂ ಬೇಡ.

ಅಡುಗೆ

20 ಕಿಲೋ ತೂಕದ, ಸಂತಾನಹರಣ ಮಾಡಿಸಿದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 1,000 ಕಿಲೋಕ್ಯಾಲರಿ ಬೇಕು. ಇದಕ್ಕೆ ಕೊಬ್ಬು ತೆಗೆದ ಹಂದಿಮಾಂಸ 350 ಗ್ರಾಂ, ಸಿಹಿಗೆಣಸು 400 ಗ್ರಾಂ, ಸಿಹಿಗುಂಬಳ 100 ಗ್ರಾಂ, ಎರಡು ಟೀ ಚಮಚ ಸೂರ್ಯಕಾಂತಿ ಎಣ್ಣೆ ಸಾಕು. ಎಲ್ಲವೂ ಬೇಯಿಸುವ ಮೊದಲಿನ ತೂಕ. 10 ಕಿಲೋ ನಾಯಿಗೆ ಇದರ ಅರ್ಧವಲ್ಲ, ಐದರಲ್ಲಿ ಮೂರು ಪಾಲು ಬೇಕಾಗುತ್ತದೆ, ಚಿಕ್ಕ ನಾಯಿಗೆ ತೂಕದ ಲೆಕ್ಕದಲ್ಲಿ ಹೆಚ್ಚು ಶಕ್ತಿ ಬೇಕಿರುವುದರಿಂದ. 30 ಕಿಲೋ ನಾಯಿಗೆ ಒಂದೂ ಕಾಲಿನಿಂದ ಒಂದೂವರೆ ಪಟ್ಟು ಕೊಡಿ.

ಮಾಂಸದ ಮೇಲಿನ ಬಿಳಿ ಕೊಬ್ಬಿನ ಪದರ ನಮಗೆ ರುಚಿಯಾದರೂ ನಾಯಿಯ ಮೇದೋಜೀರಕದ ಉರಿಯೂತಕ್ಕೆ ಕಾರಣವಾಗಬಹುದು, ಅದನ್ನು ಕತ್ತರಿಸಿ ತೆಗೆಯಿರಿ. ಮಾಂಸವನ್ನು ಸಣ್ಣ ತುಂಡು ಮಾಡಿ, ಮುಳುಗುವಷ್ಟೇ ನೀರು ಹಾಕಿ, ಒಳಗೆ ಕೆಂಪು ಉಳಿಯದಂತೆ ಕುಕ್ಕರಿನಲ್ಲಿ ಬೇಯಿಸಿ. ಹಸಿ ಹಂದಿಮಾಂಸದಿಂದ ಪರೋಪಜೀವಿಗಳು ನಾಯಿಗೂ ನಮಗೂ ಅಂಟಬಹುದು. ಬೆಂದ ನೀರನ್ನು ಚೆಲ್ಲಬಾರದು: ಹೃದಯದ ಸ್ನಾಯುವಿಗೆ ಬೇಕಾದ ಟಾರಿನ್ ಎಂಬ ಅಂಶ ಆ ನೀರಿಗೆ ಇಳಿದಿರುತ್ತದೆ. ಗೆಣಸು ಮತ್ತು ಕುಂಬಳವನ್ನು ಸಿಪ್ಪೆ ತೆಗೆದು ಬೇರೆ ಬೇಯಿಸಿ ಮಸೆದು, ಮಾಂಸ ಮತ್ತು ನೀರಿನೊಂದಿಗೆ ಬೆರೆಸಿ, ಆರಿದ ಮೇಲೆ ಎಣ್ಣೆ ಹಾಕಿ. ಉಪ್ಪು, ಮೆಣಸು, ಹುಳಿಗೆ ಹಾಕುವ ಕಾಚಂಪುಳಿ ಯಾವುದೂ ಬೇಡ. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಮಂದಿಯ ಸಾರಿನಿಂದ ತುಂಡುಗಳನ್ನು ತೊಳೆದು ಕೊಡುವುದೂ ತಪ್ಪು. ನಾಯಿಗೆಂದೇ ಬೇರೆ ಪಾತ್ರೆ, ಬೇರೆ ಸೌಟು ಇರಲಿ.

ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಅತ್ಯಲ್ಪ. ಬರೀ ಮಾಂಸ ಮತ್ತು ಗೆಡ್ಡೆ ತಿನ್ನುವ ನಾಯಿಯ ದೇಹವು ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಮೂಳೆಯಿಂದಲೇ ಕೀಳಲು ತೊಡಗುತ್ತದೆ. ಮೇಲಿನ ಅಳತೆಯ ಊಟಕ್ಕೆ ದಿನಕ್ಕೆ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಬೇಕು, ಅಂದರೆ ಸುಮಾರು 3 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. ರುಚಿ ಬೆರೆಸದ ಪುಡಿಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಮೊಟ್ಟೆಯ ಚಿಪ್ಪಿನ ಪುಡಿ ಇದೇ ವಸ್ತುವಾದರೂ ಒಳಪೊರೆಯಲ್ಲಿ ಮೊಟ್ಟೆಯ ಪ್ರೋಟೀನ್ ಅಂಟಿರುವುದರಿಂದ ಪರೀಕ್ಷೆಯ ಅವಧಿಯಲ್ಲಿ ಸಲ್ಲದು. ಮತ್ತಿ ಆರಿಸಿದವರಿಗೆ ಇಲ್ಲೊಂದು ಅನುಕೂಲವಿದೆ: ಹೊಟ್ಟೆ ಭಾಗ ಶುಚಿ ಮಾಡಿದ ಮೀನನ್ನು ಮುಳ್ಳು ಬೆರಳಲ್ಲೇ ಪುಡಿಯಾಗುವವರೆಗೆ ಕುಕ್ಕರಿನಲ್ಲಿ ಬೇಯಿಸಿದರೆ ಕ್ಯಾಲ್ಸಿಯಂನ ಬಹುಪಾಲು ಅದರಿಂದಲೇ ಸಿಗುತ್ತದೆ. ಹಂದಿ, ಕೋಳಿಗಳ ಬೇಯಿಸಿದ ಮೂಳೆಯನ್ನು ಮಾತ್ರ ಎಂದಿಗೂ ಕೊಡಬೇಡಿ, ಅದು ಸೀಳಿ ಕರುಳಿಗೆ ಚುಚ್ಚುತ್ತದೆ. ಒಣಮೀನಿನಲ್ಲಿ ಉಪ್ಪು ವಿಪರೀತ.

ಹೊಸ ಊಟಕ್ಕೆ ಒಂದೇ ದಿನದಲ್ಲಿ ಬದಲಾಯಿಸಿದರೆ ಭೇದಿಯಾಗುತ್ತದೆ. ಹಳೆಯದಕ್ಕೆ ಕಾಲುಭಾಗ ಹೊಸದನ್ನು ಬೆರೆಸಿ ಶುರುಮಾಡಿ, ಒಂದು ವಾರದಲ್ಲಿ ಪೂರ್ತಿ ಹೊಸದಕ್ಕೆ ತನ್ನಿ. ಎಂಟು ವಾರಗಳ ಎಣಿಕೆ ಅಲ್ಲಿಂದ ಮುಂದೆ. ಮೂರು ದಿನದ್ದನ್ನು ಫ್ರಿಜ್ಜಿನಲ್ಲಿಟ್ಟು ಉಳಿದದ್ದನ್ನು ಫ್ರೀಜರಿನಲ್ಲಿಡಿ.

ನಾಯಿಯ ಬಾಯಿ ಕಾಯುವುದು

ನಮ್ಮ ಮನೆಯ ನಾಯಿಯ ಮೊದಲ ಪರೀಕ್ಷೆ ಆರನೆಯ ವಾರದಲ್ಲಿ ಮುರಿದುಬಿತ್ತು. ತುರಿಕೆ ಕಣ್ಣಿಗೆ ಕಾಣುವಷ್ಟು ಇಳಿದಿತ್ತು, ಕಿವಿ ಒಣಗಿತ್ತು. ಒಂದು ಭಾನುವಾರ ಮತ್ತೆ ರಾತ್ರಿಯಿಡೀ ಕೆರೆದುಕೊಂಡಿತು. ವಿಚಾರಿಸಿದಾಗ ಹಿಂದಿನ ಮೂರು ದಿನ ಅದು ತೋಟದ ಕಾರ್ಮಿಕರ ಲೈನ್ ಮನೆಗಳ ಕಡೆ ಹೋಗಿ, ಮಕ್ಕಳು ಪ್ರೀತಿಯಿಂದ ಕೊಟ್ಟ ಬನ್ನು ಮತ್ತು ಕೋಳಿ ಸಾರಿನ ಅನ್ನ ತಿಂದು ಬಂದಿದ್ದು ತಿಳಿಯಿತು. ತಪ್ಪು ಮಕ್ಕಳದ್ದಲ್ಲ, ಅವರಿಗೆ ಹೇಳದೇ ಇದ್ದ ನಮ್ಮದು. ಎರಡನೆಯ ಸಲ ಲೈನ್ ಮನೆಗಳಿಗೆ ನಾನೇ ಹೋಗಿ, ನಾಯಿಗೆ ಏನಾಗಿದೆ, ಏಕೆ ಎಂಟು ವಾರ ಏನೂ ಕೊಡಬಾರದು ಎಂದು ವಿವರಿಸಿ, ಬೇಯಿಸಿ ಒಣಗಿಸಿದ ಗೆಣಸಿನ ಚೂರುಗಳನ್ನು ಒಂದು ಡಬ್ಬಿಯಲ್ಲಿ ಕೊಟ್ಟುಬಂದೆ. ಕೊಡಲೇಬೇಕೆನಿಸಿದರೆ ಇದನ್ನು ಕೊಡಿ ಎಂದೆ. ಆ ಮಕ್ಕಳೇ ಮುಂದೆ ನಾಯಿಯ ಕಾವಲಿಗೆ ನಿಂತರು.

ಈ ಅವಧಿಯಲ್ಲಿ ನಾಯಿಯನ್ನು ಹಗ್ಗದಲ್ಲೇ ನಡೆದಾಡಿಸಬೇಕು. ಕೋಳಿಗೂಡಿನ ಮೊಟ್ಟೆ, ಬೆಕ್ಕಿನ ಹಾಲಿನ ತಟ್ಟೆ, ದನದ ಹಿಂಡಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮಾತ್ರೆಯನ್ನು ಬೆಣ್ಣೆಯಲ್ಲಿ ಸುತ್ತಿ ಕೊಡುವ ಅಭ್ಯಾಸವಿದ್ದರೆ ಗೆಣಸಿನ ಉಂಡೆಯಲ್ಲಿ ಸುತ್ತಿ ಕೊಡಿ. ಅಗಿಯಲು ಕೊಡುವ ಚರ್ಮದ ಮೂಳೆಗಳು ಸಾಮಾನ್ಯವಾಗಿ ದನದ ಚರ್ಮದವು.

ದಿನಚರಿ ಮತ್ತು ಮರುಪರೀಕ್ಷೆ

ಪ್ರತಿ ಸಂಜೆ ತುರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಬರೆದಿಡಿ. ಕಿವಿ, ಪಾದ, ಮಲದ ಬಗ್ಗೆ ಒಂದು ಸಾಲು ಸಾಕು. ವಾರಕ್ಕೊಮ್ಮೆ ತೂಕ ನೋಡಿ ಅಳತೆ ಹೆಚ್ಚು ಕಡಿಮೆ ಮಾಡಿ.

ಎಂಟು ವಾರದ ಕೊನೆಗೆ ಅಂಕ ಇಳಿದಿದ್ದರೆ ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇಳಿದದ್ದು ಋತು ಬದಲಾದ್ದರಿಂದಲೋ ಉಣ್ಣಿಯ ಔಷಧದಿಂದಲೋ ಆಗಿರಬಹುದು. ಹಳೆಯ ಊಟವನ್ನೇ ಮತ್ತೆ ಕೊಟ್ಟು ನೋಡಬೇಕು. ಆಹಾರದ ಅಲರ್ಜಿಯೇ ಆಗಿದ್ದರೆ ಸಾಮಾನ್ಯವಾಗಿ ಎರಡು ವಾರದೊಳಗೆ ತುರಿಕೆ ಮರಳುತ್ತದೆ. ಮರಳಿದ ಕೂಡಲೇ ಪರೀಕ್ಷೆಯ ಊಟಕ್ಕೆ ಹಿಂದಿರುಗಿ, ಶಾಂತವಾದ ಮೇಲೆ ಒಂದೊಂದೇ ಪದಾರ್ಥವನ್ನು ಎರಡೆರಡು ವಾರ ಸೇರಿಸುತ್ತಾ ಬನ್ನಿ. ಮೊದಲು ಅನ್ನ, ಆಮೇಲೆ ಗೋಧಿಗೆ ಸಾದಾ ಚಪಾತಿ, ಬಳಿಕ ಕೋಳಿ, ಮೊಟ್ಟೆ, ಹಾಲು. ಹಳೆಯ ಊಟ ಕೊಟ್ಟರೂ ತುರಿಕೆ ಮರಳದಿದ್ದರೆ ಊಟ ನಿರಪರಾಧಿ, ಕಾರಣವನ್ನು ಬೇರೆಡೆ ಹುಡುಕಬೇಕು.

ಅನ್ನದಿಂದ ತುರಿಕೆ ಬಾರದಿದ್ದರೆ ಅನ್ನವನ್ನು ಧಾರಾಳವಾಗಿ ಮರಳಿಸಿ. ಧಾನ್ಯವಿಲ್ಲದ ಊಟವನ್ನು ಕಾರಣವಿಲ್ಲದೆ ಮುಂದುವರಿಸುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರ ಜುಲೈನಲ್ಲಿ, ಬಟಾಣಿ, ಮಸೂರದಂಥ ಕಾಳುಗಳು ಅಥವಾ ಆಲೂಗೆಡ್ಡೆ ಮುಖ್ಯವಾಗಿರುವ ನಾಯಿ ಆಹಾರಗಳಿಗೂ ಹೃದಯ ಹಿಗ್ಗಿ ದುರ್ಬಲವಾಗುವ ಕಾಯಿಲೆಗೂ ನಂಟಿರಬಹುದೆಂದು ಎಚ್ಚರಿಸಿತು. ಆ ಆಹಾರಗಳಲ್ಲಿ ಬಹಳಷ್ಟು ಧಾನ್ಯರಹಿತವೆಂದು ಮಾರಾಟವಾಗುತ್ತಿದ್ದವು. ಒಂದರಿಂದಲೇ ಇನ್ನೊಂದು ಬರುತ್ತದೆಂದು ಸಾಬೀತಾಗಿಲ್ಲ. ಆದರೂ ಅಕ್ಕಿಯ ಬದಲಿಗೆ ಬೇಳೆ, ಕಡಲೆಗಳನ್ನು ಸುರಿಯಬೇಡಿ. ಗೋಲ್ಡನ್ ರಿಟ್ರೀವರ್ ಸಾಕಿದವರು ಹೆಚ್ಚು ಜಾಗ್ರತೆ ವಹಿಸಬೇಕು. ಟಾರಿನ್ ಕೊರತೆಯ ಹೃದಯರೋಗ ಆ ತಳಿಯಲ್ಲಿ ಹೆಚ್ಚು. ಕೆಮ್ಮು, ಬೇಗ ಸುಸ್ತಾಗುವುದು, ಕುಸಿದು ಬೀಳುವುದು ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಿ.

ಅನ್ನವೇ ಆಗದ ಅಪರೂಪದ ನಾಯಿಗೆ ಮನೆಯೂಟವೇ ಕಾಯಂ ಆಗಬೇಕಾದರೆ ಮೇಲಿನ ಅಡುಗೆ ಸಾಲದು. ಅದರಲ್ಲಿ ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ ಮತ್ತು ಇ ಸಾಕಷ್ಟಿಲ್ಲ. ಅಮೆರಿಕದ ಪಶುವೈದ್ಯ ಸಂಶೋಧಕರು 2013ರಲ್ಲಿ 200 ಮನೆಯೂಟದ ಪಾಕಗಳನ್ನು ಪರಿಶೀಲಿಸಿದಾಗ ಶೇ 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆಯಿತ್ತು. ನಿಮ್ಮ ದಿನಚರಿ ಮತ್ತು ಅಡುಗೆಯ ಅಳತೆಗಳನ್ನು ಬರೆದುಕೊಂಡು ನಿಮ್ಮ ಪಶುವೈದ್ಯರ ಬಳಿಗೋ, ಹಾಸನದ ಪಶುವೈದ್ಯಕೀಯ ಕಾಲೇಜಿಗೋ ಹೋದರೆ, ಏನನ್ನು ಎಷ್ಟು ಸೇರಿಸಬೇಕೆಂದು ಅವರು ನಿಮ್ಮ ನಾಯಿಯ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ ಕೊಡಲು ಅನುಕೂಲವಾಗುತ್ತದೆ.