ಅಪ್ಪನ ಜೊತೆ ಹಾರ್ಸ್ಟೆಡ್ ಕೇನ್ಸ್‌ನಲ್ಲಿ ಇಳಿದ ದಿನ

ಇಂಗ್ಲೆಂಡಿನ ಸಸೆಕ್ಸ್ ಹಳ್ಳಿಗಾಡಿನಲ್ಲಿ ಬ್ಲೂಬೆಲ್ ರೈಲ್ವೆ ಅಂತ ಒಂದು ಉಗಿಬಂಡಿ ಲೈನ್ ಇದೆ. ಸುಮಾರು 18 ಕಿಲೋಮೀಟರ್ ಉದ್ದ. ಮೊದಲ ಸಲ ಹೋದಾಗ ಕೊನೆಯ ಸ್ಟೇಷನ್‌ವರೆಗೂ ಸುಮ್ನೆ ಕೂತು ಹೋಗಿ, ಹಾಗೇ ವಾಪಸ್ ಬಂದಿದ್ದೆ. ನಡುವೆ ಸಿಗುವ ಹಾರ್ಸ್ಟೆಡ್ ಕೇನ್ಸ್ ಸ್ಟೇಷನ್ನನ್ನು ಕಿಟಕಿಯಿಂದ ನೋಡಿದ್ದಷ್ಟೇ.

ಊರಿಂದ ಅಪ್ಪ ಬಂದಾಗ ಬೇಕಂತಲೇ ಅಲ್ಲಿ ಇಳಿದೆವು. ಅಪ್ಪ ಶಿವಮೊಗ್ಗ–ತಾಳಗುಪ್ಪ ಲೈನಿನಲ್ಲಿ ಮೀಟರ್ ಗೇಜ್ ಕಾಲದ ಸ್ಟೇಷನ್ ಮಾಸ್ಟರ್.

ಲಂಡನ್ ವಿಕ್ಟೋರಿಯಾದಿಂದ ಈಸ್ಟ್ ಗ್ರಿನ್‌ಸ್ಟೆಡ್‌ಗೆ ಮಾಮೂಲಿ ರೈಲಿನಲ್ಲಿ ಒಂದು ಗಂಟೆ ಹತ್ತಿರ. ಪಕ್ಕದಲ್ಲೇ ಬ್ಲೂಬೆಲ್ ಪ್ಲಾಟ್‌ಫಾರ್ಮ್. ಉಗಿಬಂಡಿ ದಿನಾ ಓಡುವುದಿಲ್ಲ, ಟೈಮ್‌ಟೇಬಲ್ ನೋಡಿಯೇ ಹೊರಡಬೇಕು. ಶುರುವಿನಲ್ಲೇ ಒಂದು ಕಂದಕ ಬರುತ್ತದೆ. ಲೈನ್ ಮುಚ್ಚಿದ ಮೇಲೆ ಅದರ ತುಂಬ ಊರಿನ ಕಸ ಸುರಿದಿದ್ದರು. ಅಷ್ಟನ್ನೂ ತೆಗೆದು 2013ರಲ್ಲಿ ಇಲ್ಲಿಗೆ ಹಳಿ ತಂದರು.

ಹಾರ್ಸ್ಟೆಡ್ ಕೇನ್ಸ್ 1882ರ ಸ್ಟೇಷನ್. ಹಳ್ಳಿ ಇರುವುದು ದೂರದಲ್ಲಿ, ಸುತ್ತ ಮರ ಮತ್ತು ಹೊಲ. ಆದರೂ ಐದು ಪ್ಲಾಟ್‌ಫಾರ್ಮ್! ಎರಡು ಲೈನ್ ಕೂಡುವ ಜಂಕ್ಷನ್ ಆಗಿತ್ತು, ಅದಕ್ಕೆ. ಈ ಲೈನನ್ನು 1955ರಲ್ಲಿ ಮುಚ್ಚಿದಾಗ ಮ್ಯಾಜ್ ಬೆಸೆಮರ್ ಎಂಬ ಸ್ಥಳೀಯ ಮಹಿಳೆ ಹಳೆಯ ಕಾನೂನು ಹುಡುಕಿ ತೆಗೆದು, ದಿನಕ್ಕೆ ನಾಲ್ಕು ರೈಲು ಓಡಿಸಲೇಬೇಕು ಎಂದು ತೋರಿಸಿ ಮತ್ತೆ ತೆರೆಸಿದರು. 1958ರಲ್ಲಿ ಮತ್ತೆ ಮುಚ್ಚಿತು. 1960ರಲ್ಲಿ ರೈಲುಪ್ರೇಮಿಗಳೇ ಸೇರಿ ಓಡಿಸಲು ಶುರು ಮಾಡಿದರು. ಇವತ್ತಿಗೂ ಕೆಲಸ ಮಾಡುವವರಲ್ಲಿ ಸಂಬಳವಿಲ್ಲದ ಸ್ವಯಂಸೇವಕರೇ ಜಾಸ್ತಿ.

ಈ ಸ್ಟೇಷನ್ನನ್ನು 1920–30ರ ದಶಕಗಳಲ್ಲಿ ಹೇಗಿತ್ತೋ ಹಾಗೆ ಸಿಂಗರಿಸಿದ್ದಾರೆ. ಹಸಿರು ಬಣ್ಣ, ತಗಡಿನ ಜಾಹೀರಾತು ಫಲಕಗಳು, ಚರ್ಮದ ಟ್ರಂಕುಗಳು. ನಾನು ಫೋಟೋ ತೆಗೆಯುತ್ತಿದ್ದೆ. ಅಪ್ಪ ಅದ್ಯಾವುದನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣು ಸಿಗ್ನಲ್ ಕ್ಯಾಬಿನ್ ಮೇಲೆ.

ಒಂದು ರೈಲು ಬಂದು ನಿಂತಿತು. ಕ್ಯಾಬಿನ್ನಿನವರು ಬಂದು ಡ್ರೈವರ್ ಕೈಯಿಂದ ಏನನ್ನೋ ತೆಗೆದುಕೊಂಡರು. "ಟೋಕನ್! ನೋಡು, ಟೋಕನ್ ಕೊಟ್ಟ," ಎಂದು ಅಪ್ಪ ನನ್ನ ತೋಳು ಹಿಡಿದರು. ಒಂಟಿ ಹಳಿಯಲ್ಲಿ ಟೋಕನ್ ಕೈಗೆ ಬರದೆ ಬಂಡಿ ಮುಂದಕ್ಕೆ ಹೋಗುವಂತಿಲ್ಲ. ಆ ಕಡೆಯಿಂದ ಇನ್ನೊಂದು ಬಂಡಿ ಬರಬಾರದಲ್ವಾ? ನಮ್ಮಲ್ಲಿ ಟೋಕನ್ ಅಂದರೆ ಲೋಹದ ಗುಂಡು; ಅದನ್ನು ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ ಕೊಡುತ್ತಿದ್ದರು. ಓಡುವ ಗಾಡಿಯಿಂದ ಆ ಬಳೆಯನ್ನು ತೋಳಿಗೆ ಹಾಕಿಕೊಳ್ಳುವುದು ಹೇಗೆ ಅಂತ ಅಪ್ಪ ಪ್ಲಾಟ್‌ಫಾರ್ಮಿನ ಮೇಲೆಯೇ ಮಾಡಿ ತೋರಿಸಿದರು. ಅಲ್ಲಿದ್ದ ವಯಸ್ಸಾದ ಪೋರ್ಟರ್ ಒಬ್ಬರು ನಿಂತು ನೋಡಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ನನ್ನ ಸಹಾಯ ಅವರಿಬ್ಬರಿಗೂ ಬೇಕಾಗಲಿಲ್ಲ.

ನೀವು ಹೋದರೆ ಅಲ್ಲಿ ಎರಡು ಗಂಟೆಯಾದರೂ ಉಳಿಯಿರಿ. ಬೋಗಿ ರಿಪೇರಿ ಮಾಡುವ ಶೆಡ್ ಅಲ್ಲೇ ಇದೆ, ಮೇಲಿನ ಗ್ಯಾಲರಿಯಿಂದ ಹಳೆಯ ಮರದ ಬೋಗಿಗಳನ್ನು ನೋಡಬಹುದು. ಕಟ್ಟಡ ಉಳಿಸಿದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಕೆಲಸವನ್ನೂ ಉಳಿಸಿದ್ದಾರೆ. ತಾಳಗುಪ್ಪ ಲೈನ್ ಬ್ರಾಡ್ ಗೇಜ್ ಆದಾಗ ಆ ಬಳೆಗಳೆಲ್ಲ ಎಲ್ಲಿ ಹೋದವೋ ಎಂದು ಅಪ್ಪ ಶೆಡ್ಡಿನಲ್ಲಿ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ವಾಪಸ್ ರೈಲು ಬಂದಾಗ ಅಪ್ಪ ಗಡಿಯಾರ ನೋಡಿ, ಜೇಬಿನ ಪುಸ್ತಕದಲ್ಲಿ ಟೈಮ್ ಬರೆದುಕೊಂಡು, ಆಮೇಲೆ ಹತ್ತಿದರು.