ಒಂದು ಪರ್ಸೆಂಟ್ ಆಮ್ಲಜನಕ, ಒಂದು ಹಳದಿ ಡಿಶ್: ನನ್ನ ಅನುಭವ

ಇಪ್ಪತ್ತನಾಲ್ಕು ಗಂಟೆ ಕಳೆದು ಹೈಪಾಕ್ಸಿಯಾ ಚೇಂಬರ್ (ಆಮ್ಲಜನಕ ಕಡಿಮೆ ಇಟ್ಟ ಪೆಟ್ಟಿಗೆ) ತೆರೆದಾಗ ಡಿಶ್‌ನಲ್ಲಿದ್ದ ಮೀಡಿಯಾ, ಅಂದರೆ ಕೋಶಗಳನ್ನು ಬೆಳೆಸುವ ದ್ರವ, ಹಳದಿಯಾಗಿತ್ತು. ಪಕ್ಕದ ಮಾಮೂಲಿ ಇನ್ಕ್ಯುಬೇಟರ್‌ನಲ್ಲಿದ್ದ ಡಿಶ್‌ನಲ್ಲಿ ಅದೇ ಮೀಡಿಯಾ ಇನ್ನೂ ಕೆಂಪಗಿತ್ತು. ಎರಡರಲ್ಲೂ ಒಂದೇ ಕೋಶಗಳು. ಒಂದೇ ದಿನ, ಒಂದೇ ಲೆಕ್ಕದಲ್ಲಿ ಹಾಕಿದ್ದೆ. ಆ ಹಳದಿ ಬಣ್ಣವನ್ನು ನೋಡಿದೆ, ನೋಟ್‌ಬುಕ್‌ನಲ್ಲಿ ಬರೆದೂ ಇಟ್ಟೆ. ಆದರೆ ಅದು ಏನು ಹೇಳುತ್ತಿದೆ ಅಂತ ಕೇಳಲಿಲ್ಲ. ಕೇಳಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ನನ್ನ ಕೆಲಸ ತಲೆ-ಕುತ್ತಿಗೆ ಕ್ಯಾನ್ಸರ್ ಮೇಲೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗಳೆಲ್ಲ ಈ ಗುಂಪಿಗೆ ಸೇರುತ್ತವೆ. ಈ ಗಡ್ಡೆಗಳು ಬೆಳೆಯುವ ವೇಗಕ್ಕೆ ರಕ್ತನಾಳಗಳು ಬೆಳೆಯುವುದಿಲ್ಲ. ಬೆಳೆದರೂ ಸೊಟ್ಟಗೆ, ಸೋರುವ ಹಾಗೆ ಬೆಳೆಯುತ್ತವೆ. ರಕ್ತ ಹರಿಯುವ ಜಾಗದಿಂದ ಮಿಲಿಮೀಟರಿನ ಐದನೇ ಒಂದು ಭಾಗ ದೂರ ಹೋಗುವಷ್ಟರಲ್ಲಿ ಕೋಶಗಳು ಸತ್ತಿರುತ್ತವೆ ಅಂತ 1955ರಲ್ಲೇ ಥಾಮ್ಲಿನ್ಸನ್ ಮತ್ತು ಗ್ರೇ ಶ್ವಾಸಕೋಶದ ಗಡ್ಡೆಗಳಲ್ಲಿ ತೋರಿಸಿದ್ದರು. ಸತ್ತ ಕೋಶಗಳಿಂದ ನಮಗೆ ತೊಂದರೆಯಿಲ್ಲ. ಸತ್ತ ಭಾಗಕ್ಕೂ ರಕ್ತನಾಳಕ್ಕೂ ನಡುವೆ ಅರೆಜೀವ ಹಿಡಿದುಕೊಂಡಿರುವ ಕೋಶಗಳು ಇರುತ್ತವಲ್ಲ, ಕಾಡುವುದು ಅವು. ಆಮ್ಲಜನಕವೇ ಇಲ್ಲದ ಕೋಶವನ್ನು ರೇಡಿಯೇಷನ್‌ನಿಂದ ಕೊಲ್ಲಬೇಕಾದರೆ ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕು. ಡೆನ್ಮಾರ್ಕ್‌ನಲ್ಲಿ ಈ ಕ್ಯಾನ್ಸರ್‌ಗೆ ರೇಡಿಯೇಷನ್ ಜೊತೆ, ಇಂಥ ಕೋಶಗಳು ಅದಕ್ಕೆ ಬಗ್ಗುವಂತೆ ಮಾಡುವ ನಿಮೊರಜೋಲ್ ಎಂಬ ಔಷಧಿ ಕೊಡುವುದು ಇದೇ ಕಾರಣಕ್ಕೆ.

ಇಷ್ಟು ಕಷ್ಟದಲ್ಲಿ ಆ ಕೋಶಗಳು ಬದುಕುವುದು ಹೇಗೆ? ಒತ್ತಡದ ಪ್ರೋಟೀನ್‌ಗಳು ಅದಕ್ಕೆ ಒಂದು ಉತ್ತರ. 1962ರಲ್ಲಿ ರಿಟೋಸಾ ಹಣ್ಣಿನ ನೊಣದ ಕೋಶಗಳಿಗೆ ಬಿಸಿ ತಾಗಿದಾಗ ಕ್ರೋಮೋಸೋಮ್‌ಗಳ ಕೆಲವು ಜಾಗ ಉಬ್ಬುವುದನ್ನು ಕಂಡರು. ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 (ಎಚ್‌ಎಸ್‌ಪಿ ಅಂದರೆ ಹೀಟ್ ಶಾಕ್ ಪ್ರೋಟೀನ್) ಎಂಬ ಹೆಸರುಗಳೆಲ್ಲ ಅಲ್ಲಿಂದ ಬೆಳೆದ ಕಥೆ. ಆಕಾರ ಕೆಟ್ಟ ಪ್ರೋಟೀನ್‌ಗಳನ್ನು ಹಿಡಿದು ಸರಿಯಾಗಿ ಮಡಚಿಕೊಳ್ಳಲು ನೆರವಾಗುವುದು ಇವುಗಳ ಕೆಲಸ. ಹೊರಗೆ ಕಳಿಸುವ ಪ್ರೋಟೀನ್‌ಗಳನ್ನು ಕೋಶ ತಯಾರಿಸುವ ಜಾಗ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ಅಲ್ಲಿ ಇದೇ ಕೆಲಸ ಜಿಆರ್‌ಪಿ78 ಎಂಬ ಪ್ರೋಟೀನ್‌ದು. ಪ್ರೋಟೀನ್‌ನಲ್ಲಿ ಗಂಧಕದ ಕೊಂಡಿಗಳು ಕೂಡಲು ಅಲ್ಲಿ ಆಮ್ಲಜನಕ ಬೇಕು. ಅದು ಸಿಗದಿದ್ದರೆ ಅರ್ಧಂಬರ್ಧ ಮಡಚಿದ ಸರಕು ರಾಶಿ ಬೀಳುತ್ತದೆ.

ಹಾಗಾಗಿ ನನ್ನ ಯೋಜನೆ ಸರಳವಾಗಿತ್ತು. ಗಂಟಲಿನ ಕೆಳಭಾಗದ ಕ್ಯಾನ್ಸರ್‌ನಿಂದ ಬಂದ ಫಾಡು ಎಂಬ ಕೋಶಗಳನ್ನು 1% ಆಮ್ಲಜನಕದಲ್ಲಿ ಇಡುವುದು, ಹೊತ್ತು ಹೊತ್ತಿಗೆ ತೆಗೆದು, ಕೋಶಗಳನ್ನು ಒಡೆದು (ಅದೇ ಲೈಸಿಸ್), ಯಾವ ಪ್ರೋಟೀನ್ ಎಷ್ಟಿದೆ ಅಂತ ಬ್ಯಾಂಡ್‌ಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್ ಮಾಡುವುದು. ಆಮ್ಲಜನಕ ನಿಜಕ್ಕೂ ಕಡಿಮೆಯಾಗಿದೆ ಅನ್ನುವುದಕ್ಕೆ ಸಾಕ್ಷಿಯಾಗಿ ಹಿಫ್-1 ಆಲ್ಫಾ ಎಂಬ ಪ್ರೋಟೀನ್ ನೋಡುವುದು.

ಮೊದಲ ಬ್ಲಾಟ್‌ನಲ್ಲಿ ಹಿಫ್ ಬ್ಯಾಂಡೇ ಇರಲಿಲ್ಲ. ಹಿಫ್ ಅನ್ನು ಗುರುತಿಸುವ ಆಂಟಿಬಾಡಿ ಬದಲಿಸಿದೆ, ಪ್ರೋಟೀನ್ ಜಾಸ್ತಿ ಹಾಕಿದೆ, ಹಾಗೇ ಖಾಲಿ. ನಮ್ಮ ಗೈಡ್ ಮೇಡಂ ಬ್ಲಾಟ್ ನೋಡಲೇ ಇಲ್ಲ.

"ಡಿಶ್ ಹೊರಗೆ ತೆಗೆದ ಮೇಲೆ ಲೈಸಿಸ್ ಬಫರ್ ಹಾಕೋಕೆ ಎಷ್ಟು ಹೊತ್ತು ಹಿಡೀತು?" ಅಂತ ಕೇಳಿದರು.

"ತೊಳೆಯೋದೆಲ್ಲ ಸೇರಿ ಹತ್ತು ನಿಮಿಷ ಆಗಿರಬಹುದು ಮೇಡಂ."

"ಅಷ್ಟರಲ್ಲಿ ಹಿಫ್ ಎಲ್ಲಿರುತ್ತೆ? ಚೇಂಬರ್ ಒಳಗೇ ಲೈಸ್ ಮಾಡು."

ಮಾತು ಅಷ್ಟೇ. ಆಮ್ಲಜನಕ ಇದ್ದಾಗ ಕೋಶ ಹಿಫ್ ಅನ್ನು ತಯಾರಿಸುತ್ತಲೇ ಇರುತ್ತದೆ, ಒಡೆಯುತ್ತಲೂ ಇರುತ್ತದೆ. ಆಮ್ಲಜನಕ ಹೋದರೆ ಒಡೆಯುವುದು ನಿಲ್ಲುತ್ತದೆ. ಗಾಳಿ ಮತ್ತೆ ತಾಗಿದರೆ ಸುಮಾರು ಐದು ನಿಮಿಷಕ್ಕೆ ಅರ್ಧ ಹೋಗಿರುತ್ತದೆ. ಕೋಶ ಆಮ್ಲಜನಕವನ್ನು ಗುರುತಿಸುವ ಈ ಬಗೆಯನ್ನು ಕಂಡುಹಿಡಿದದ್ದಕ್ಕೇ 2019ರಲ್ಲಿ ಕೇಲಿನ್, ರ್ಯಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ ನೊಬೆಲ್ ಬಂದದ್ದು. ಇದನ್ನೆಲ್ಲ ಓದಿದ್ದೆ. ಆದರೆ ಓದಿದ್ದು ಕೈಗೆ ಬಂದಿರಲಿಲ್ಲ. ತಣ್ಣಗಿನ ಬಫರನ್ನು ಚೇಂಬರ್ ಒಳಗೆ ಒಯ್ದು, ಗ್ಲವ್ ಹಾಕಿದ ಕೈಯಿಂದ ಅಲ್ಲೇ ಕೆರೆದು ತೆಗೆದ ಮೇಲೆ ದಪ್ಪ ಬ್ಯಾಂಡ್ ಬಂತು.

ಎಚ್‌ಎಸ್‌ಪಿ70 ಬೇರೆ ಥರ ಸತಾಯಿಸಿತು. ಎಲ್ಲ ಲೇನ್‌ಗಳಲ್ಲೂ (ಬ್ಲಾಟ್‌ನಲ್ಲಿ ಒಂದೊಂದು ಮಾದರಿಗೆ ಒಂದೊಂದು ಸಾಲು) ಒಂದೇ ಸಮ ಇತ್ತು. ನನ್ನ ಆಂಟಿಬಾಡಿ ಯಾವಾಗಲೂ ಇರುವ ಎಚ್‌ಎಸ್‌ಸಿ70 ಎಂಬ ಸೋದರ ಪ್ರೋಟೀನನ್ನೂ ಹಿಡಿಯುತ್ತಿತ್ತು. ಒತ್ತಡಕ್ಕೆ ಮಾತ್ರ ಏರುವ ರೂಪವನ್ನು ಗುರುತಿಸುವ ಆಂಟಿಬಾಡಿ ತಂದೆ. ಆಗಲೂ ಏರಿಕೆ ಸಣ್ಣದೇ. ಕ್ಯಾನ್ಸರ್ ಕೋಶಗಳಲ್ಲಿ ಇದು ಮೊದಲಿಂದಲೂ ಜಾಸ್ತಿಯೇ ಇರುತ್ತದೆ, ಏರಲು ಜಾಗ ಕಡಿಮೆ. ಕಡಿಮೆ ಆಮ್ಲಜನಕದಲ್ಲಿಟ್ಟ ಕೋಶಗಳನ್ನು ಮತ್ತೆ ಗಾಳಿಗೆ ತಂದು ಕೆಲವು ಗಂಟೆ ಬಿಟ್ಟು ನೋಡಿದಾಗ ವ್ಯತ್ಯಾಸ ಚೆನ್ನಾಗಿ ಕಂಡಿತು. ಗಡ್ಡೆಯ ಒಳಗೂ ನಾಳಗಳು ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ಹಾಗಾಗಿ ಈ ಅಳತೆಯನ್ನು ಆಮೇಲೆ ಎಂದೂ ಬಿಡಲಿಲ್ಲ.

ಎಚ್‌ಎಸ್‌ಪಿ90 ಪ್ರಮಾಣ ಅಲುಗಲೇ ಇಲ್ಲ. ಹಾಗಂತ ಅದಕ್ಕೆ ಕೆಲಸ ಇಲ್ಲ ಅಂತಲ್ಲ. ಅದರ ಕೈ ಕಟ್ಟುವ ಔಷಧಿ ಹಾಕಿದರೆ 1% ಆಮ್ಲಜನಕದಲ್ಲೂ ಹಿಫ್ ಕುಸಿಯುತ್ತದೆ. ಹಿಫ್ ನಿಂತಿರುವುದೇ ಅದರ ಆಸರೆಯಲ್ಲಿ. ಬ್ಯಾಂಡಿನ ದಪ್ಪ ನೋಡಿ ಸುಮ್ನೆ 'ಬದಲಾವಣೆ ಇಲ್ಲ' ಅಂತ ಬರೆದಿದ್ದರೆ ಇದು ತಪ್ಪಿಹೋಗುತ್ತಿತ್ತು.

ಇನ್ನು ಜಿಆರ್‌ಪಿ78. ಮೊದಲ ಸಲವೇ ಇಪ್ಪತ್ತನಾಲ್ಕು ಗಂಟೆಯ ಲೇನ್‌ನಲ್ಲಿ ಸೊಗಸಾಗಿ ಏರಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಏರಿತು. ನಾಲ್ಕನೇ ಸಲ ಕೋಶಗಳು ಸಾಕಷ್ಟು ಇರಲಿಲ್ಲ, ಅರ್ಧ ಲೆಕ್ಕದಲ್ಲಿ ಹಾಕಿದೆ. ಏರಲಿಲ್ಲ. ಹಿಫ್ ಮಾತ್ರ ಎಂದಿನಂತೆ ದಪ್ಪಗಿತ್ತು. ಮುಂದಿನ ಸಲ ತುಂಬ ಹಾಕಿದೆ, ಮತ್ತೆ ಏರಿತು. ಎಲ್ಲ ಬಿಟ್ಟು ಹಳೆ ನೋಟ್‌ಬುಕ್ ತಿರುವುತ್ತಾ ಕೂತಾಗ ಕಣ್ಣಿಗೆ ಬಿದ್ದದ್ದು ಆ ಸಾಲು: 'ಮೀಡಿಯಾ ಹಳದಿ.'

ಆಮ್ಲಜನಕ ಇಲ್ಲದಿದ್ದರೆ ಕೋಶ ಸಕ್ಕರೆಯನ್ನು ಗಬಗಬ ತಿನ್ನುತ್ತದೆ, ಲ್ಯಾಕ್ಟಿಕ್ ಆಮ್ಲ ಹೊರಗೆ ಬಿಡುತ್ತದೆ. ಮೀಡಿಯಾ ಹಳದಿಯಾಗುವುದು ಅದಕ್ಕೇ. ನಾನು ಫಾಡು ಬೆಳೆಸುತ್ತಿದ್ದ ಮೀಡಿಯಾದಲ್ಲಿ ಲೀಟರಿಗೆ 1 ಗ್ರಾಂ ಗ್ಲೂಕೋಸ್ ಅಷ್ಟೇ ಇರುತ್ತದೆ. ಸಕ್ಕರೆ ಕಾಯಿಲೆಯವರು ಬಳಸುವ ಗ್ಲೂಕೋಮೀಟರ್ ತಂದು, ಹಳದಿ ಮೀಡಿಯಾದ ಒಂದು ಹನಿಯನ್ನು ಸ್ಟ್ರಿಪ್ಪಿಗೆ ಮುಟ್ಟಿಸಿದೆ. ಅಂಕಿ ಬರಲಿಲ್ಲ. 'ಲೋ' ಅಂತ ತೋರಿಸಿತು. ಕೆಂಪು ಮೀಡಿಯಾದಲ್ಲಿ ಇನ್ನೂ ಅರ್ಧದಷ್ಟು ಉಳಿದಿತ್ತು. ಜಿಆರ್‌ಪಿ ಎಂಬ ಹೆಸರಿನ ಮೊದಲ ಅಕ್ಷರವೇ ಗ್ಲೂಕೋಸ್‌ದು, ಅಲ್ವಾ? ಸಕ್ಕರೆ ಇಲ್ಲದೆ ಉಪವಾಸ ಬಿದ್ದ ಕೋಶಗಳಲ್ಲಿ ಏರುತ್ತದೆ ಅಂತಲೇ ಆ ಹೆಸರು ಬಂದದ್ದು. ನಾನು ಮೂರು ತಿಂಗಳು ಉಸಿರುಗಟ್ಟುವಿಕೆ ಅಂತ ಅಳೆದದ್ದರಲ್ಲಿ ಬಹುಪಾಲು ಹಸಿವು.

ಅಲ್ಲಿಂದ ಎಲ್ಲವನ್ನೂ ಹೊಸದಾಗಿ ಕಟ್ಟಿದೆ. ಕೋಶಗಳ ಲೆಕ್ಕ ಇಳಿಸಿದೆ. ಮೀಡಿಯಾವನ್ನು ಹಿಂದಿನ ರಾತ್ರಿಯೇ ಚೇಂಬರ್ ಒಳಗೆ ತೆರೆದಿಟ್ಟೆ. ಇಲ್ಲದಿದ್ದರೆ ಅದರಲ್ಲಿ ಕರಗಿದ ಆಮ್ಲಜನಕ ಹೋಗಲು ಗಂಟೆಗಟ್ಟಲೆ ಹಿಡಿಯುತ್ತದೆ, 'ಎರಡು ಗಂಟೆ' ಅಂತ ಬರೆದ ಲೇನ್‌ಗೆ ಅರ್ಥವೇ ಇರುವುದಿಲ್ಲ. ಹನ್ನೆರಡು ಗಂಟೆಗೊಮ್ಮೆ ಒಳಗೇ ಮೀಡಿಯಾ ಬದಲಿಸಿದೆ. ಸಕ್ಕರೆ ಇರುವ, ಇಲ್ಲದ ಡಿಶ್‌ಗಳನ್ನು ಎರಡೂ ಬಗೆಯ ಗಾಳಿಯಲ್ಲಿ ಇಟ್ಟೆ. ಎಲ್ಲ ಲೇನ್‌ಗೂ ಸಮ ಪ್ರೋಟೀನ್ ಬಿದ್ದಿದೆಯೇ ಅಂತ ಹೋಲಿಸಲು ಬಳಸುವ ಜಿಎಪಿಡಿಎಚ್ ಎಂಬ ಪ್ರೋಟೀನನ್ನು ಬಿಟ್ಟುಬಿಟ್ಟೆ, ಆಮ್ಲಜನಕ ಕಡಿಮೆಯಾದರೆ ಅದೇ ಏರುತ್ತದೆ. ಕೋಬಾಲ್ಟ್ ಕ್ಲೋರೈಡ್ ಹಾಕಿ ಸುಲಭವಾಗಿ ಮುಗಿಸು ಅಂದವರೂ ಇದ್ದರು. ಅದು ಹಿಫ್ ಏರಿಸುತ್ತದೆ, ನಿಜ. ಆದರೆ ಡಿಶ್‌ನಲ್ಲಿ ಆಮ್ಲಜನಕ ಹಾಗೇ ಇರುತ್ತದೆ, ಗಂಧಕದ ಕೊಂಡಿಗಳು ಕೂಡುತ್ತಲೇ ಇರುತ್ತವೆ. ಒತ್ತಡದ ಪ್ರೋಟೀನ್‌ಗಳ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ಈಗ ಬ್ಲಾಟ್‌ಗಳು ಬೇರೆ ಮಾತು ಹೇಳಿದವು. ಸಕ್ಕರೆ ಸಾಕಷ್ಟಿದ್ದರೆ 1%ನಲ್ಲಿ ಹಿಫ್ ಜೋರಾಗಿರುತ್ತದೆ, ಜಿಆರ್‌ಪಿ78 ಹೆಚ್ಚು ಅಲುಗುವುದಿಲ್ಲ. ಆಮ್ಲಜನಕವನ್ನು 0.1%ಗಿಂತ ಕೆಳಗೆ ಇಳಿಸಿದಾಗ ಚಿತ್ರ ಬದಲಾಗುತ್ತದೆ. ಇದಕ್ಕೆ ಗಾಜಿನ ಡಿಶ್ ಬೇಕಾಯಿತು, ಪ್ಲಾಸ್ಟಿಕ್ ತನ್ನೊಳಗೆ ಹಿಡಿದಿಟ್ಟ ಆಮ್ಲಜನಕವನ್ನು ನಿಧಾನವಾಗಿ ಬಿಡುತ್ತದೆ. ಕೆಲವೇ ಗಂಟೆಗಳಲ್ಲಿ ಪರ್ಕ್ ಎಂಬ ಕಿಣ್ವ, ಪ್ರೋಟೀನ್ ತಯಾರಿಕೆ ಶುರು ಮಾಡಿಸುವ ಇಐಎಫ್2 ಆಲ್ಫಾಗೆ ಫಾಸ್ಫೇಟ್ ಅಂಟಿಸುತ್ತದೆ. ಕೋಶ ಹೊಸ ಪ್ರೋಟೀನ್ ತಯಾರಿಸುವುದನ್ನು ತಗ್ಗಿಸುತ್ತದೆ. ಎಲ್ಲ ತಗ್ಗಿದಾಗ ಒತ್ತಡದ ಜೀನ್‌ಗಳನ್ನು ಚಾಲೂ ಮಾಡುವ ಎಟಿಎಫ್4 ಎಂಬ ಪ್ರೋಟೀನ್ ಮಾತ್ರ ಏರುತ್ತದೆ. ಜಿಆರ್‌ಪಿ78 ತಡವಾಗಿ ಬರುತ್ತದೆ. ಅದು ಕಾಣುವ ಹೊತ್ತಿಗೆ ಫಾಸ್ಫೇಟ್ ಬ್ಯಾಂಡ್ ಮತ್ತೆ ಮಂಕಾಗಿರುತ್ತದೆ. ಒಂದೇ ಹೊತ್ತಿನ ಒಂದು ಲೇನ್ ನೋಡಿದವರಿಗೆ ಇವೆರಡರಲ್ಲಿ ಒಂದು ಸಿಗುವುದೇ ಇಲ್ಲ.

ಈ ಹೊಸ ಬ್ಲಾಟ್‌ಗಳನ್ನು ಮೇಡಂಗೆ ತೋರಿಸಿ, ಹಳೆಯದೆಲ್ಲ ತಪ್ಪು ಮೇಡಂ, ತೆಗೆದುಹಾಕುತ್ತೇನೆ ಅಂದೆ. ಅವರು ಬೇಡ ಅಂದರು. ರೋಗಿಯ ಗಡ್ಡೆಯ ಸ್ಲೈಡ್ ಒಂದನ್ನು ಮೈಕ್ರೋಸ್ಕೋಪಿಗೆ ಇಟ್ಟು, "ಇಲ್ಲಿ ಮೀಡಿಯಾ ಯಾರು ಬದಲಿಸ್ತಾರೆ?" ಅಂತ ಕೇಳಿದರು. ರಕ್ತನಾಳದ ಸುತ್ತ ಬಣ್ಣವೇ ಇಲ್ಲ. ದೂರ ಹೋದ ಹಾಗೆ, ಸತ್ತ ಭಾಗದ ಅಂಚಿನಲ್ಲಿ, ಆಮ್ಲಜನಕ ಕಡಿಮೆಯಾದಾಗ ಏರುವ ಸಿಎ9 ಎಂಬ ಪ್ರೋಟೀನಿನ ಕಂದು ಬಣ್ಣ ಕೋಶಗಳ ಹೊರಗೆರೆಯನ್ನು ಒಂದೊಂದಾಗಿ ಎಳೆದ ಹಾಗೆ ಇತ್ತು. ಅಲ್ಲಿಗೆ ಆಮ್ಲಜನಕವೂ ತಲುಪುವುದಿಲ್ಲ, ಸಕ್ಕರೆಯೂ ಸರಿಯಾಗಿ ತಲುಪುವುದಿಲ್ಲ, ಆಮ್ಲವೂ ಹೊರಗೆ ಹೋಗುವುದಿಲ್ಲ. ನನ್ನ ಹಳದಿ ಡಿಶ್ ಆ ಅಂಚಿಗೆ ಹತ್ತಿರವಿತ್ತು.

ಈಗ ಪ್ರತಿ ಪ್ರಯೋಗದಲ್ಲೂ ಎರಡು ಸಾಲು ಡಿಶ್ ಇಡುತ್ತೇನೆ. ಒಂದರಲ್ಲಿ ಮೀಡಿಯಾ ಬದಲಿಸುತ್ತೇನೆ, ಇನ್ನೊಂದನ್ನು ಹಳದಿಯಾಗಲು ಬಿಡುತ್ತೇನೆ. ಲೈಸ್ ಮಾಡುವ ಮೊದಲು ಎರಡರಿಂದಲೂ ಒಂದೊಂದು ಹನಿ ತೆಗೆದು ಸ್ಟ್ರಿಪ್ಪಿಗೆ ಮುಟ್ಟಿಸಿ, ಬಂದ ಅಂಕಿಯನ್ನು ಆಮ್ಲಜನಕದ ಪಕ್ಕದಲ್ಲೇ ಬರೆಯುತ್ತೇನೆ.