ಫ್ಲಾರೆನ್ಸ್‌ನಲ್ಲಿ ಸ್ಟೇಕ್: ತಟ್ಟೆಗೆ ಮೊದಲು ತಕ್ಕಡಿ ನೋಡಿ

ಇಟಲಿಯ ಫ್ಲಾರೆನ್ಸ್. ದೊಡ್ಡ ಚರ್ಚಿನ ಗುಮ್ಮಟ ಎದುರಿಗೇ ಕಾಣುವ ಹಾಗೆ ಕುರ್ಚಿ ಹಾಕಿದ್ದರು. ನಾನು, ನನ್ನ ಹೆಂಡತಿ, ಜೊತೆಗೆ ಬಂದಿದ್ದ ಗೆಳೆಯ ಮೂವರೂ ಕೂತೆವು. ಮೆನುವಿನಲ್ಲಿ ‘ಬಿಸ್ತೆಕ್ಕಾ ಅಲ್ಲಾ ಫಿಯೊರೆಂತೀನಾ’ ಅಂತ ಇತ್ತು. ಅಂದರೆ ಫ್ಲಾರೆನ್ಸ್ ಸ್ಟೇಕ್, ಕೆಂಡದಲ್ಲಿ ಸುಟ್ಟ ದನದ ಮಾಂಸದ ದಪ್ಪ ತುಂಡು. ಪಕ್ಕದಲ್ಲಿ 6 ಯೂರೊ. ಈ ಊರಿನ ಹೆಸರಿನ ಸ್ಟೇಕ್ ಬರೀ ಆರು ಯೂರೊಗೆ! ಸಪ್ಲೈಯರ್ ನಗುನಗುತ್ತಾ ಬರೆದುಕೊಂಡು ಹೋದ.

ಬಿಲ್ ಬಂದಾಗ ಸ್ಟೇಕಿಗೇ 84 ಯೂರೊ. ಜಗಳಕ್ಕೆ ನಿಲ್ಲುವಂತಿರಲಿಲ್ಲ. ಆರರ ಪಕ್ಕ ಇರುವೆ ಗಾತ್ರದ ಅಕ್ಷರದಲ್ಲಿ ‘ಎತ್ತೊ’ ಅಂತ ಇತ್ತು. ಎತ್ತೊ ಅಂದರೆ ನಮ್ಮ ಎತ್ತಲ್ಲ, 100 ಗ್ರಾಂ. ನಮಗೆ ಬಂದಿದ್ದು ಎರಡು ತುಂಡು ಸೇರಿ 1 ಕಿಲೊ 400 ಗ್ರಾಂ. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿದದ್ದು ಮಾಂಸ ನೋಡಿ. ಒಂದೂವರೆ ಬೆರಳು ದಪ್ಪ, ಒಳಗೆಲ್ಲ ಬೂದಿ ಬಣ್ಣ, ಅಗಿದಷ್ಟೂ ಮುಗಿಯದು.

ಆಮೇಲೆ ಇನ್ನೂ ನಾಲ್ಕು ದಿನ ಅಲ್ಲೇ ಇದ್ದೆವು. ಆಗ ಕಲಿತದ್ದು ಇಲ್ಲಿದೆ. ಇದು ದನದ ಮಾಂಸದ ವಿಷಯ. ತಿನ್ನದವರು ನೇರ ಕೊನೆಯ ಪ್ಯಾರಾಕ್ಕೆ ಹೋಗಬಹುದು, ನನ್ನ ಹೆಂಡತಿ ಮಾಡಿದ್ದೂ ಅದನ್ನೇ.

ಮೊದಲು: ನಿಜವಾದದ್ದು ಹೇಗಿರುತ್ತೆ?

ಇಂಗ್ಲಿಷಿನ ‘ಟಿ’ ಅಕ್ಷರದಂಥ ಮೂಳೆ ಇರಬೇಕು. ಮೂಳೆಯ ಒಂದು ಕಡೆ ಸೊಂಟದ ಮಾಂಸ, ಇನ್ನೊಂದು ಕಡೆ ಫಿಲೆ ಅನ್ನುವ ಮೆತ್ತನೆಯ ಮಾಂಸ. ಮೂರು ನಾಲ್ಕು ಬೆರಳು ದಪ್ಪ. ಕೆಂಡದ ಮೇಲೆ ಎರಡೂ ಕಡೆ ಕೆಲವೇ ನಿಮಿಷ ಸುಟ್ಟು, ಆಮೇಲೆ ಮೂಳೆಯ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ. ಹೊರಗೆ ಕಪ್ಪು, ಒಳಗೆ ಕೆಂಪು. ಸಾಸ್ ಗೀಸ್ ಇಲ್ಲ. ಉಪ್ಪು, ಕಾಳುಮೆಣಸು, ಆಲಿವ್ ಎಣ್ಣೆ, ಅಷ್ಟೇ. ಇಷ್ಟು ದಪ್ಪದ ತುಂಡು ಕಿಲೊಗಿಂತ ಕಡಿಮೆ ಬರುವುದು ಅಪರೂಪ. ಹಾಗಾಗಿ ಇದು ಇಬ್ಬರು ಮೂವರು ಹಂಚಿಕೊಂಡು ತಿನ್ನುವ ಊಟ. ‘ಒಬ್ಬರಿಗೆ 300 ಗ್ರಾಂ ಫಿಯೊರೆಂತೀನಾ’ ಅಂತ ಬೋರ್ಡ್ ಕಂಡರೆ ಸುಮ್ನೆ ಮುಂದೆ ನಡೆಯಿರಿ.

ಹಳೆಯ ಪದ್ಧತಿಯಲ್ಲಿ ಇದು ಕಿಯಾನೀನಾ ಅನ್ನುವ ತಳಿಯ ಮಾಂಸ. ಬಿಳಿ ಬಣ್ಣದ, ಆಳೆತ್ತರದ ದನ. ಈಗ ಎಲ್ಲ ಕಡೆ ಅದೇ ಇರುವುದಿಲ್ಲ, ಬೇರೆ ತಳಿಯದ್ದನ್ನೂ ಚೆನ್ನಾಗಿ ಮಾಡುವವರಿದ್ದಾರೆ. ಆದರೆ ಕಿಯಾನೀನಾ ಅಂತ ಹೇಳಿ ದುಡ್ಡು ತೆಗೆದುಕೊಳ್ಳುವುದಾದರೆ ಅದು ಮೆನುವಿನಲ್ಲಿ ಬರೆದಿರಬೇಕು. ಈ ಮೂಳೆಯ ಮೇಲೆ ಅಲ್ಲಿಯವರಿಗೆ ಎಷ್ಟು ಅಭಿಮಾನ ಅಂದರೆ, 2001ರಲ್ಲಿ ಹುಚ್ಚು ದನದ ರೋಗದ ಭಯಕ್ಕೆ ಯುರೋಪಿನಲ್ಲಿ ಮೂಳೆ ಸಮೇತ ಸ್ಟೇಕ್ ಮಾರುವುದಕ್ಕೆ ನಿಷೇಧ ಬಂದಾಗ ಪಾನ್‌ಸಾನೊ ಊರಿನ ಮಾಂಸದಂಗಡಿಯ ದಾರಿಯೊ ಚೆಕ್ಕೀನಿ ಆ ಸ್ಟೇಕಿಗೆ ಶವಯಾತ್ರೆಯನ್ನೇ ಮಾಡಿದರು! ಮತ್ತೆ ಅದು ಮೇಜಿಗೆ ಬಂದದ್ದು 2006ರಲ್ಲಿ.

‘ಕೆಂಪಗಿದ್ದರೆ ನನಗಾಗಲ್ಲ’ ಅನ್ನುತ್ತೀರಾ? ಹಾಗಾದರೆ ಇದನ್ನು ಪೂರ್ತಿ ಬೇಯಿಸಿ ಕೊಡಿ ಅಂತ ಕೇಳಬೇಡಿ. ಎಷ್ಟೋ ಕಡೆ ಆಗಲ್ಲ ಅಂತಾರೆ. ಕೊಟ್ಟರೂ ಚಪ್ಪಲಿ ಅಗಿದ ಹಾಗೆ. ಅದರ ಬದಲು ‘ಪೆಪೋಸೊ’ ಕೇಳಿ. ಕೆಂಪು ವೈನು, ರಾಶಿ ಕಾಳುಮೆಣಸು ಹಾಕಿ ಗಂಟೆಗಟ್ಟಲೆ ಬೇಯಿಸಿದ ಮಾಂಸ. ಖಾರ ತಿನ್ನುವ ನಾಲಿಗೆಗೆ ತಕ್ಷಣ ಹಿಡಿಸುತ್ತೆ. ಆ ದೊಡ್ಡ ಗುಮ್ಮಟಕ್ಕೆ ಹೆಂಚು ಸುಡುತ್ತಿದ್ದ ಇಂಪ್ರುನೇತಾ ಊರಿನ ಕೆಲಸಗಾರರು ಭಟ್ಟಿಯ ಬಾಯಲ್ಲೇ ಮಡಕೆ ಇಟ್ಟು ಇದನ್ನು ಮಾಡಿಕೊಳ್ಳುತ್ತಿದ್ದರು ಅಂತ ಕಥೆ ಹೇಳುತ್ತಾರೆ.

ಆಮೇಲೆ: ಗುಮ್ಮಟಕ್ಕೆ ಬೆನ್ನು ಹಾಕಿ

ಚರ್ಚು, ಸಿನ್ಯೊರಿಯಾ ಚೌಕ, ಹಳೇ ಸೇತುವೆ ಪೋಂತೆ ವೆಕ್ಕಿಯೊ. ಈ ಮೂರರ ನಡುವೆ ಪ್ರವಾಸಿಗರು ಕಿಕ್ಕಿರಿದಿರುತ್ತಾರೆ. ಇವತ್ತು ತಿಂದವರು ಮತ್ತೆ ಬರುವುದಿಲ್ಲ ಅಂತ ಹೋಟೆಲಿನವರಿಗೂ ಗೊತ್ತು. ಬಾಗಿಲಲ್ಲಿ ನಿಂತು ಕರೆಯುವವನು, ಬಿಸಿಲಿಗೆ ಬಣ್ಣ ಹೋದ ಫೋಟೊಗಳ ಮೆನು, ಆರು ಭಾಷೆ, ‘ಮೆನು ತುರಿಸ್ತಿಕೊ’ (ಪ್ರವಾಸಿಗರ ಮೆನು) ಅನ್ನುವ ಬೋರ್ಡು ಕಂಡರೆ ಒಳಗೆ ಹೋಗಬೇಡಿ. ಗಡಿಯಾರವೂ ಗುಟ್ಟು ಬಿಟ್ಟುಕೊಡುತ್ತೆ. ಅಲ್ಲಿಯವರ ಊಟದ ಹೋಟೆಲು ಮಧ್ಯಾಹ್ನ ಎರಡೂವರೆ ಸುಮಾರಿಗೆ ಒಲೆ ಆರಿಸಿ ಮತ್ತೆ ಹಚ್ಚುವುದು ಸಂಜೆ ಏಳರ ಮೇಲೆ. ನಾಲ್ಕು ಗಂಟೆಗೆ ಸ್ಟೇಕ್ ರೆಡಿ ಅಂದರೆ ಅದು ಯಾರಿಗಾಗಿ, ನೀವೇ ಹೇಳಿ. ಮೆನುವಿನಲ್ಲಿ ಹೆಸರಿನ ಪಕ್ಕ ನಕ್ಷತ್ರದ ಚಿಹ್ನೆ ಇದ್ದರೆ ಅದು ಫ್ರೀಜರಿನ ಸಾಮಾನು.

ನಮ್ಮ ಮಿಲ್ಟ್ರಿ ಹೋಟೆಲನ್ನು ಹೇಗೆ ಗುರುತು ಹಿಡಿಯುತ್ತೀರೋ ಹಾಗೇ ಇಲ್ಲೂ. ನಾಲ್ಕೇ ಐಟಂ, ಕೈಯಲ್ಲಿ ಬರೆದ ಪಟ್ಟಿ, ಖಾಲಿಯಾದರೆ ಇಲ್ಲ.

ಚರ್ಚಿನಿಂದ ಪೂರ್ವಕ್ಕೆ ಹದಿನೈದು ನಿಮಿಷ ನಡೆದರೆ ಸಾಂತ್ ಅಂಬ್ರೋಜೊ ಮಾರ್ಕೆಟ್ ಸಿಗುತ್ತೆ. 1873ರದ್ದು, ಊರಿನವರು ಬೆಳಿಗ್ಗೆ ತರಕಾರಿ, ಮಾಂಸ ಕೊಳ್ಳುವ ಜಾಗ. ಅದರ ಸುತ್ತಲ ಗಲ್ಲಿಗಳಲ್ಲಿ ಹುಡುಕಿ. ಇಲ್ಲವೇ ಆರ್ನೊ ನದಿ ದಾಟಿ ಸಾನ್ ಫ್ರೆದಿಯಾನೊ ಬಡಾವಣೆ ಕಡೆ ಹೋಗಿ. ರಾತ್ರಿ ಊಟಕ್ಕಾದರೆ ಬೆಳಿಗ್ಗೆಯೇ ಮೇಜು ಹೇಳಿಟ್ಟಿರಿ.

ಕೂತ ಮೇಲೆ ಎರಡೇ ಪದ

‘ಕ್ವಾಂತೊ ಪೇಸಾ?’ ಎಷ್ಟು ತೂಕ? ಒಲೆಗೆ ಹೋಗುವ ಮೊದಲು ಕೇಳಿ, ಆಮೇಲೆ ಕೇಳಿ ಪ್ರಯೋಜನವಿಲ್ಲ. ಎತ್ತೊ ಲೆಕ್ಕವಾದರೆ ಹತ್ತರಿಂದ ಗುಣಿಸಿದರೆ ಕಿಲೊ ರೇಟು.

ಮೂರನೇ ದಿನ ನದಿಯಾಚೆಯ ಒಂದು ಸಣ್ಣ ಹೋಟೆಲಲ್ಲಿ ಹೀಗೆ ಕೇಳಿದೆ. ಯಜಮಾನ ಹಸಿ ಮಾಂಸವನ್ನು ಹಲಗೆಯ ಮೇಲೆ ಇಟ್ಟುಕೊಂಡು ಮೇಜಿಗೇ ಬಂದ. ತಿನ್ನುವವರು ಇಬ್ಬರೇ ಅಂತ ಗೊತ್ತಾದ ಮೇಲೆ ತಲೆ ಅಲ್ಲಾಡಿಸಿ ಒಳಗೆ ಹೋಗಿ, ಚಿಕ್ಕದೊಂದು ತಂದ. ಬೆರಳಲ್ಲಿ ದಪ್ಪ ಅಳೆದು ತೋರಿಸಿದ, ಮೂರೂವರೆ ಬೆರಳು. ತಕ್ಕಡಿಯಲ್ಲಿ 1 ಕಿಲೊ 50 ಗ್ರಾಂ. ನಾನು ಹೂಂ ಅಂದ ಮೇಲೇ ಕೆಂಡಕ್ಕೆ ಹಾಕಿದ್ದು.

ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ತಲೆಗೆ ಎರಡು ಮೂರು ಯೂರೊ ಇರುತ್ತೆ. ಕೂತಿದ್ದಕ್ಕೆ, ಬ್ರೆಡ್ಡಿಗೆ. ಮೆನುವಿನಲ್ಲಿ ಬರೆದಿದ್ದರೆ ತಕರಾರು ಬೇಡ. ಟಿಪ್ಸ್ ಕೊಡಲೇಬೇಕು ಅಂತೇನಿಲ್ಲ. ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ ಅಲ್ಲಿ, ಹಳಸಿದೆ ಅಂದುಕೊಳ್ಳಬೇಡಿ.

ಸ್ಟೇಕೇ ಬೇಕಾ?

ನನ್ನ ಕೇಳಿದರೆ ಫ್ಲಾರೆನ್ಸಿನ ಊಟ ಇರುವುದು ಕೈಗಾಡಿಯಲ್ಲಿ. ‘ಲಂಪ್ರೆದೊತ್ತೊ’ ಅಂದರೆ ದನದ ನಾಲ್ಕನೇ ಹೊಟ್ಟೆ. ಗಾಡಿಯವನು ಕುದಿಯುವ ಸಾರಿನಿಂದ ಅದನ್ನು ಎತ್ತಿ, ಹಲಗೆಯ ಮೇಲೆ ಟಕಟಕ ಕೊಚ್ಚಿ, ಬನ್ನಿಗೆ ತುಂಬುತ್ತಾನೆ. ಬನ್ನಿನ ಮೇಲಿನ ಅರ್ಧವನ್ನು ಫೋರ್ಕಿಗೆ ಚುಚ್ಚಿ ಅದೇ ಸಾರಿನಲ್ಲಿ ಅದ್ದಿ ಮುಚ್ಚುತ್ತಾನೆ. ಹಸಿರು ಚಟ್ನಿ, ಕೆಂಪು ಖಾರ ಎರಡೂ ಬೇಕು ಅನ್ನಿ. ಬೋಟಿ ಗೊಜ್ಜು ತಿಂದು ಬೆಳೆದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ನಿಂತೇ ತಿನ್ನಬೇಕು, ಸಾರು ಮೊಣಕೈವರೆಗೆ ಇಳಿಯುತ್ತೆ, ಷರ್ಟಿನ ತೋಳು ಮಡಚಿಕೊಳ್ಳಿ.

ಮಾಂಸ ತಿನ್ನದವರಿಗೆ ‘ರಿಬೊಲ್ಲಿತಾ’. ಹಳೇ ಬ್ರೆಡ್ಡು, ಬಿಳಿ ಬೀನ್ಸು, ಕಪ್ಪು ಬಣ್ಣದ ಕೇಲ್ ಸೊಪ್ಪು ಹಾಕಿದ ಗಟ್ಟಿ ಸೂಪು. ಹೆಸರಿನ ಅರ್ಥವೇ ಮತ್ತೆ ಕುದಿಸಿದ್ದು. ನಿನ್ನೆಯ ಹುಳಿ ಇವತ್ತು ಜಾಸ್ತಿ ರುಚಿ ಅಲ್ವಾ, ಹಾಗೆ. ಟೊಮ್ಯಾಟೊ ಬ್ರೆಡ್ಡಿನ ‘ಪಪ್ಪಾ ಅಲ್ ಪೊಮೊದೋರೊ’ ಕೂಡ ಚೆನ್ನ. ಕೆಲವರು ಮಾಂಸದ ಸಾರು ಸೇರಿಸುತ್ತಾರೆ, ‘ಸೆನ್‌ಸಾ ಕಾರ್ನೆ?’, ಅಂದರೆ ಮಾಂಸ ಇಲ್ಲ ತಾನೆ, ಅಂತ ಒಮ್ಮೆ ಕೇಳಿಕೊಳ್ಳಿ. ನದಿಯಾಚೆಯ ಆ ಹೋಟೆಲಲ್ಲಿ ನಾವಿಬ್ಬರೂ ಮೂಳೆ ಕೆರೆಯುತ್ತಿದ್ದಾಗ ಹೆಂಡತಿ ಎರಡನೇ ಬಟ್ಟಲು ರಿಬೊಲ್ಲಿತಾ ತರಿಸಿಕೊಂಡಳು. ಬಟ್ಟಲಿಗೆ 9 ಯೂರೊ. ಬಿಲ್ ಬಂದ ಕೂಡಲೇ ನನ್ನ ಕಡೆ ತಿರುಗಿಸಿ ಕೇಳಿದಳು: ‘ಇದನ್ನ ಯಾರೂ ತೂಕ ಹಾಕಲಿಲ್ಲ, ನೋಡಿದ್ರಾ?’